ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣದ ಮಾತ್ರೆ ಬೇರೆ ಹೊತ್ತಿಗೆ

ಬಸುರಿ ತಪಾಸಣೆಗೆ ಹೋದರೆ ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿ ಕಾರ್ಡ್ ಜೊತೆಗೆ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಅಂಶವೂ ಫೋಲಿಕ್ ಆಸಿಡ್ ಎಂಬ ಬಿ ಗುಂಪಿನ ವಿಟಮಿನ್ನೂ ಇರುತ್ತವೆ. ಇನ್ನೊಂದು ಕ್ಯಾಲ್ಸಿಯಂ, ಅಂದರೆ ಮೂಳೆಗೆ ಬೇಕಾದ ಸುಣ್ಣದ ಅಂಶ. ಅದು ಮೈಗೆ ಹತ್ತಲೆಂದು ವಿಟಮಿನ್ ಡಿ ಕೂಡ ಸೇರಿಸಿರುತ್ತಾರೆ.

ಮೊದಲ ಮೂರು ತಿಂಗಳು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರ ಸಾಕು. ಮಗುವಿನ ಮಿದುಳು, ಬೆನ್ನುಹುರಿಗೆ ಬುನಾದಿಯಾಗುವ ನಾಳ ಗರ್ಭ ಕಟ್ಟಿದ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಬಸುರಿ ಎಂದು ಗೊತ್ತಾಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಆದ್ದರಿಂದ ಮಗು ಬೇಕೆಂದು ನಿರ್ಧರಿಸಿದಾಗಲೇ ಇದನ್ನು ಶುರುಮಾಡುವುದು ಒಳ್ಳೆಯದು.

ನಾಲ್ಕನೇ ತಿಂಗಳಿಂದ ಕೆಂಪು ಮಾತ್ರೆ ದಿನಕ್ಕೊಂದು, 180 ದಿನ. ಹೆರಿಗೆಯಾದ ಮೇಲೂ 180 ದಿನ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ರಕ್ತದ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ದಿನಕ್ಕೆರಡು ಹೇಳುತ್ತಾರೆ. 7ಕ್ಕಿಂತ ಇಳಿದಿದ್ದರೆ ಮಾತ್ರೆ ನಂಬಿ ಕೂರಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ. ಕ್ಯಾಲ್ಸಿಯಂ 500 ಮಿಲಿಗ್ರಾಂನ ಮಾತ್ರೆ, ದಿನಕ್ಕೆರಡು.

ಹೆಚ್ಚಿನವರು ಎಡವುವುದು ಹೊತ್ತಿನ ವಿಷಯದಲ್ಲಿ. ರಾತ್ರಿ ಊಟವಾದ ಮೇಲೆ ಎರಡನ್ನೂ ಒಟ್ಟಿಗೆ ನುಂಗಿಬಿಡುತ್ತಾರೆ. ಕ್ಯಾಲ್ಸಿಯಂ ಜೊತೆಗಿದ್ದರೆ ಕಬ್ಬಿಣ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರ ಬೇಕು. ಸುಲಭದ ದಾರಿ ಇದು: ಬೆಳಗಿನ ತಿಂಡಿಗೊಂದು, ರಾತ್ರಿ ಊಟಕ್ಕೊಂದು ಕ್ಯಾಲ್ಸಿಯಂ. ಕೆಂಪು ಮಾತ್ರೆ ಮಧ್ಯಾಹ್ನ, ಊಟವಾಗಿ ಒಂದು ಗಂಟೆಯ ನಂತರ. ಕಾಫಿ, ಟೀ, ಹಾಲು ಆಗ ಬೇಡ. ನಿಂಬೆಹಣ್ಣಿನ ಪಾನಕ ಕುಡಿದರೆ ಕಬ್ಬಿಣ ಇನ್ನೂ ಚೆನ್ನಾಗಿ ಹೀರಿಕೆಯಾಗುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರು ಅದಕ್ಕೂ ಇವೆರಡಕ್ಕೂ ನಾಲ್ಕು ಗಂಟೆ ಅಂತರ ಇಡಿ.

ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಕಬ್ಬಿಣದ ಬಣ್ಣ. ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂಬ ಮಾತು ಶುದ್ಧ ಸುಳ್ಳು. ಕೇಸರಿ ಹಾಲಿನಿಂದ ಬೆಳ್ಳಗಾಗುವುದೂ ಅಷ್ಟೇ ಸುಳ್ಳು. ಮಲಬದ್ಧತೆಯಾದರೆ ನೀರು, ಸೊಪ್ಪು ಹೆಚ್ಚಿಸಿ. ವಾಕರಿಕೆ ತಡೆಯಲಾಗದಿದ್ದರೆ ಮಾತ್ರೆ ಬಿಟ್ಟುಬಿಡದೆ ವೈದ್ಯರನ್ನು ಕೇಳಿ.

ರಾಗಿ, ನುಗ್ಗೆಸೊಪ್ಪು ತಿಂದರೆ ಸಾಲದೇ ಎಂದು ಕೇಳಬಹುದು. ಖಂಡಿತ ತಿನ್ನಿ, ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ. ಆದರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ; ಬಸಿರಿನಲ್ಲಿ ಬೇಕಾಗುವಷ್ಟು ಅದರಿಂದ ಸಿಗುವುದು ಕಷ್ಟ. ಮೊಟ್ಟೆ, ಮಾಂಸ ತಿನ್ನದವರು ಬಿ12 ಬೇಕೇ ಎಂದೂ ವಿಚಾರಿಸಿ. ಅಡುಗೆಗೆ ಅಯೋಡಿನ್ ಇರುವ ಉಪ್ಪೇ ಇರಲಿ. ಟಾನಿಕ್‌ಗಳನ್ನು ನೀವೇ ಕೊಂಡು ಕುಡಿಯಬೇಡಿ: ವಿಟಮಿನ್ ಎ ಅತಿಯಾದರೆ ಮಗುವಿಗೆ ಹಾನಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಎರಡೂ ಮಾತ್ರೆಗೆ ದುಡ್ಡಿಲ್ಲ. ಮುಗಿದರೆ ಆಶಾ ಕಾರ್ಯಕರ್ತೆಗೆ ಹೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆಂದೇ ಉಚಿತ ತಪಾಸಣೆಯೂ ಇರುತ್ತದೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೆಂಪು ಮಾತ್ರೆಯನ್ನು ಎತ್ತರದಲ್ಲಿಡಿ. ಮಿಠಾಯಿ ಎಂದುಕೊಂಡು ಹಲವನ್ನು ನುಂಗಿದರೆ ಮಗುವಿನ ಜೀವಕ್ಕೇ ಅಪಾಯ.