ಯಂತ್ರದ ಹಲ್ಲಿಗೆ ಎಂತಹ ಉಕ್ಕು?

ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು 1977ರಲ್ಲಿ ವಹಿಸಿಕೊಂಡ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ನೆಲ ಅಗೆಯುವ ಕಾರ್ಯವು ನಿಂತ ಕಾಲವೇ ಇಲ್ಲವೆಂದರೂ ಸಲ್ಲುವುದು. ಕೊಲಾಬಾದಿಂದ ಬಾಂದ್ರಾ ಮಾರ್ಗವಾಗಿ ಸೀಪ್ಜ್‌ವರೆಗೆ 33.5 ಕಿಲೋಮೀಟರ್ ಉದ್ದದ ಭೂಗತ ಮೆಟ್ರೋ ಇಲ್ಲಿಯೇ ನೆಲದಡಿಯಲ್ಲಿ ಹಾದುಹೋಗಿದೆ. ಆರೆಯಿಂದ ಈ ಸಂಕೀರ್ಣದವರೆಗಿನ ಭಾಗವು 2024ರ ಅಕ್ಟೋಬರದಲ್ಲಿಯೂ, ಕಫ್ ಪರೇಡಿನವರೆಗಿನ ಕೊನೆಯ ಭಾಗವು 2025ರ ಅಕ್ಟೋಬರದಲ್ಲಿಯೂ ತೆರೆಯಲ್ಪಟ್ಟಿತು. ಬುಲೆಟ್ ರೈಲಿನ ನಿಲ್ದಾಣಕ್ಕಾಗಿ ಸುಮಾರು 32 ಮೀಟರ್ ಆಳದ ಹೊಂಡವನ್ನು ತೋಡಿರುವುದೂ ಇಲ್ಲಿಯೇ. ಪಕ್ಕದ ರಸ್ತೆಯಲ್ಲಿ ಚಹಾದ ತಟ್ಟೆ ಹಿಡಿದು ನಡೆಯುವ ನಮ್ಮ ಹುಡುಗರು ಆ ಯಂತ್ರಗಳನ್ನು ನಿತ್ಯವೂ ಕಾಣುತ್ತಾರೆ. ಮುಂಬಯಿಯಲ್ಲಿ ಅವೆಲ್ಲಕ್ಕೂ 'ಪೊಕ್ಲೇನ್' ಎಂದೇ ಹೆಸರು. ಅದು ಫ್ರಾನ್ಸಿನ ಒಂದು ಕಂಪೆನಿಯ ಹೆಸರೆಂಬುದು ಬಹುಮಂದಿಗೆ ತಿಳಿಯದು.

ಹೋಟೆಲಿನವನಿಗೂ ಗುಮಾಸ್ತನಿಗೂ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಕಾರಣ ಎರಡಿವೆ. ಕಂತ್ರಾಟುದಾರರ ಕಚೇರಿಗಳಲ್ಲಿ ಬಿಡಿಭಾಗಗಳಿಗೆ ಆರ್ಡರು ಬರೆಯುವ ಗುಮಾಸ್ತರಲ್ಲಿ ನಮ್ಮವರಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ದುಡಿದು ಕೂಡಿಟ್ಟ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಸೇರಿಸಿ, ಊರಲ್ಲಿರುವ ತಮ್ಮನ ಹೆಸರಿನಲ್ಲಿ ಜೆಸಿಬಿ ಕೊಳ್ಳುವವರು ಉಂಟು. ಯಂತ್ರವು ಕೆಲಸ ಮಾಡಿದ ಗಂಟೆಗೆ ಮಾತ್ರ ಬಾಡಿಗೆ. ಬ್ಯಾಂಕಿನ ಕಂತಾದರೋ ಯಂತ್ರ ನಿಂತಿದ್ದರೂ ನಡೆಯುತ್ತಲೇ ಇರುವುದು. ಬಕೆಟ್ಟಿನ ಹಲ್ಲು ಸವೆದು ನಿಂತ ದಿನದ ನಷ್ಟವು ಬಂದು ತಗಲುವುದು ಬಾಂದ್ರಾದಲ್ಲಿ ಗಲ್ಲೆಯ ಮೇಲೆ ಕುಳಿತ ಅಣ್ಣನಿಗೇ.

ಉಕ್ಕನ್ನು ಆರಿಸುವ ಮೊದಲು ನೆಲವನ್ನು ನೋಡಬೇಕು. ಬಾಂದ್ರಾದಲ್ಲಿ ಮೇಲೆ ತುಂಬಿಸಿದ ಮಣ್ಣು, ಅದರಡಿ ಮಿಠಿ ಹೊಳೆಯ ಕೆಸರು, ಅದಕ್ಕೂ ಕೆಳಗೆ ಕರಿಯ ಬಸಾಲ್ಟ್ ಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖಣದಲ್ಲಿ ಹರಿದ ಲಾವಾರಸವು ಹೆಪ್ಪುಗಟ್ಟಿ ಆದ ಕಲ್ಲಿನ ಬಳಗದ್ದು ಇದು. ಬಹಳ ಗಟ್ಟಿ, ಆದರೆ ಬೆಣಚಿನ ಅಂಶ ಕಡಿಮೆ. ನಮ್ಮ ಬಯಲುಸೀಮೆಯ ಗ್ರಾನೈಟಿನಲ್ಲಿಯೂ ಹೊಳೆಯ ಮರಳಿನಲ್ಲಿಯೂ ಬೆಣಚು ಹೇರಳವಾಗಿರುವುದು. ಬೆಣಚಾದರೋ ಬಕೆಟ್ಟಿಗೆ ಹಾಕುವ ಯಾವ ಉಕ್ಕಿಗಿಂತಲೂ ಗಟ್ಟಿ. ಆದುದರಿಂದ ಸವೆಯದ ಉಕ್ಕೆಂಬುದು ಇಲ್ಲ. ನಿಧಾನವಾಗಿ ಸವೆಯುವ ಉಕ್ಕು ಉಂಟು, ಅಷ್ಟೇ.

ಸವೆತದಲ್ಲಿಯೂ ಎರಡು ಬಗೆ. ಅಡುಗೆಮನೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒನಕೆಯು ಕುಟ್ಟುತ್ತದೆ, ರುಬ್ಬುಗುಂಡು ಅರೆಯುತ್ತದೆ. ಜಲ್ಲಿ ಕ್ರಶರಿನ ದವಡೆಯ ಮೇಲೆ ಬೀಳುವುದು ಒನಕೆಯ ಪೆಟ್ಟು. ಮರಳು, ಜಲ್ಲಿ, ಮಣ್ಣು ಜಾರಿಹೋಗುವ ಬಕೆಟ್ಟಿನ ತಳಕ್ಕೆ ತಗಲುವುದು ರುಬ್ಬುಗುಂಡಿನ ಉಜ್ಜು. ಎರಡಕ್ಕೂ ಒಂದೇ ಉಕ್ಕು ಸಾಕೆಂದು ಹೇಳುವ ವ್ಯಾಪಾರಿಯ ಮಾತನ್ನು ನಾನಂತೂ ನಂಬಲಾರೆ.

ಪೆಟ್ಟಿಗೆ ಒದಗುವುದು ಮ್ಯಾಂಗನೀಸ್ ಉಕ್ಕು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡನು 1882ರಲ್ಲಿ ಇದನ್ನು ಕಂಡುಹಿಡಿದನು. ನೂರಕ್ಕೆ ಸುಮಾರು 12ರಿಂದ 14 ಭಾಗ ಮ್ಯಾಂಗನೀಸ್, ಒಂದಕ್ಕಿಂತ ತುಸು ಹೆಚ್ಚು ಇಂಗಾಲ. ಪೆಟ್ಟು ತಿಂದಷ್ಟೂ ಇದರ ಮೈ ಗಟ್ಟಿಯಾಗುತ್ತ ಹೋಗುವುದೇ ಇದರ ವಿಶೇಷ. ಒಳಗಿನ ತಿರುಳು ಮೆದುವಾಗಿಯೇ ಉಳಿದು ಬಿರುಕನ್ನು ತಡೆಯುವುದು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳ ತಲೆಗೆ ಶಿರಸ್ತ್ರಾಣವಾದುದೂ ಈ ಉಕ್ಕೇ. ನಮ್ಮ ಸಂಡೂರಿನ ಬೆಟ್ಟಗಳಲ್ಲಿ ಅಗೆಯುವುದು ಈ ಮ್ಯಾಂಗನೀಸಿನ ಅದಿರನ್ನೇ ಎಂಬುದನ್ನು ಬಳ್ಳಾರಿಯ ಕಡೆಯವರು ಹೆಮ್ಮೆಯಿಂದ ನೆನೆಯಬಹುದು. ಆದರೆ ಪೆಟ್ಟಿಲ್ಲದೆ ಬರಿಯ ಮರಳು ಉಜ್ಜಿದರೆ ಇದು ಗಟ್ಟಿಯಾಗದೆ ಬೇಗನೆ ಸವೆದುಹೋಗುವುದು. ಮರಳು ತುಂಬುವ ಬಕೆಟ್ಟಿಗೆ ಇದನ್ನು ಹಾಕಿಸುವುದು ಹಣ ಕೊಟ್ಟು ನಷ್ಟವನ್ನು ತಂದಂತೆ.

ಇದನ್ನು ಗುರುತಿಸಲು ಒಂದು ಸುಲಭೋಪಾಯವಿದೆ. ಮ್ಯಾಂಗನೀಸ್ ಉಕ್ಕಿಗೆ ಅಯಸ್ಕಾಂತವು ಹಿಡಿಯದು. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವಿರಲಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಬೇರೆ ಉಕ್ಕೆಂದು ತಿಳಿಯಬೇಕು.

ಉಜ್ಜುವಿಕೆಗೆ ತಕ್ಕುದು ಕಾಯಿಸಿ, ತಟ್ಟನೆ ತಣಿಸಿ, ಹದಗೊಳಿಸಿದ ಪ್ಲೇಟು. ಊರಿನ ಆಚಾರಿಯು ಕತ್ತಿಗೆ ಹದ ಕೊಡುವ ವಿದ್ಯೆಯೇ ಇಲ್ಲಿ ಕಾರ್ಖಾನೆಯ ಅಳತೆಗೆ ಬೆಳೆದಿದೆ. ಇದರ ಗಡಸುತನವನ್ನು ಬ್ರಿನೆಲ್ ಎಂಬ ಅಂಕೆಯಿಂದ ಹೇಳುವರು. ಸ್ವೀಡನ್ನಿನ ಬ್ರಿನೆಲ್ ಎಂಬ ಇಂಜಿನಿಯರನು 1900ರಲ್ಲಿ ಜಗತ್ತಿನ ಮುಂದಿಟ್ಟ ಕ್ರಮವಿದು: ಗಟ್ಟಿಯಾದ ಗುಂಡೊಂದನ್ನು ಲೋಹದ ಮೇಲೆ ಒತ್ತಿ, ಬಿದ್ದ ಗುಳಿಯನ್ನು ಅಳೆಯುವುದು. ಕಟ್ಟಡಕ್ಕೆ ಬಳಸುವ ಸಾಧಾರಣ ಉಕ್ಕು ಸುಮಾರು 120ರಿಂದ 150. ಸವೆತ ತಾಳುವ ಪ್ಲೇಟುಗಳು 400, 450, 500 ಎಂಬ ದರ್ಜೆಗಳಲ್ಲಿ ದೊರೆಯುತ್ತವೆ. ದೊಡ್ಡ ಅಂಕೆಯೇ ಒಳ್ಳೆಯದೆಂದು ಭ್ರಮಿಸಬಾರದು. 500ರ ಪ್ಲೇಟನ್ನು ಬಗ್ಗಿಸುವುದೂ ಬೆಸೆಯುವುದೂ ಕಷ್ಟ. ಹಳ್ಳಿಯ ವರ್ಕ್‌ಶಾಪಿಗೆ 400 ಒಗ್ಗುವುದು.

ದಾರುಖಾನೆಯಲ್ಲಿ ಒಡೆದ ಹಡಗುಗಳ ಪ್ಲೇಟು ಅಗ್ಗವಾಗಿ ಸಿಗುವುದುಂಟು. ಹಡಗಿನ ಮೈಗೆ ಅದು ಉತ್ತಮ ಉಕ್ಕೇ ಸರಿ. ಆದರೆ ಅದನ್ನು ಮಾಡಿದ್ದು ಅಲೆಗಾಗಿ, ಕಲ್ಲಿಗಾಗಿ ಅಲ್ಲ. ದಪ್ಪವನ್ನು ನೋಡಿ ಮೋಸ ಹೋಗಬಾರದು.

ಒಳ್ಳೆಯ ಉಕ್ಕನ್ನು ತಂದೂ ಬೆಸುಗೆಯಲ್ಲಿ ಕೆಡಿಸುವುದುಂಟು. ಹದಗೊಳಿಸಿದ ಪ್ಲೇಟಿಗೆ 250 ಡಿಗ್ರಿಯ ಮೇಲೆ ಕಾವು ತಾಗಿದರೆ ಅಲ್ಲಿನ ಹದವು ಇಳಿಯುವುದು. ಹೈಡ್ರೋಜನ್ ಕಡಿಮೆಯಿರುವ ಬೆಸುಗೆಕಡ್ಡಿಯನ್ನೇ ಬಳಸಬೇಕು, ಅದನ್ನೂ ಒಲೆಯಲ್ಲಿ ಒಣಗಿಸಿದ್ದಾಗಿರಬೇಕು. ಮಳೆಗಾಲದ ಹಪ್ಪಳದಂತೆ ಈ ಕಡ್ಡಿಯೂ ತೇವವನ್ನು ಹೀರುತ್ತದೆ. ತೇವದ ಕಡ್ಡಿಯಿಂದ ಹಾಕಿದ ಬೆಸುಗೆಯು ಸಂಜೆಗೆ ಚೆನ್ನಾಗಿಯೇ ಕಂಡು, ಮರುದಿನ ಬಿರುಕು ತೋರೀತು. ದಪ್ಪ ಪ್ಲೇಟನ್ನು ಬೆಸೆಯುವ ಮುನ್ನ ತಕ್ಕಷ್ಟು ಬಿಸಿಮಾಡಬೇಕು. ಮ್ಯಾಂಗನೀಸ್ ಉಕ್ಕಿಗೆ ಇದಕ್ಕೆ ತದ್ವಿರುದ್ಧ: ಅದನ್ನು ಕಾಯಲು ಬಿಡದೆ, ಸ್ವಲ್ಪ ಸ್ವಲ್ಪವೇ ಬೆಸೆಯುತ್ತ ಆರಿಸಬೇಕು. ಕಾದರೆ ಅದು ಪೆಡಸಾಗಿ ಒಡೆಯುವುದು.

ಬೆಲೆಯ ಮಾತಿಗೆ ಬರೋಣ. ಅಂಗಡಿಯವನು ಕಿಲೋದ ದರವನ್ನು ಹೇಳುವನು. ನಾವು ಹಾಕಬೇಕಾದುದು ಗಂಟೆಯ ಲೆಕ್ಕ. ಉದಾಹರಣೆಗೆಂದು ಇಟ್ಟುಕೊಳ್ಳಿ: 1,000 ರೂಪಾಯಿಯ ಹಲ್ಲು 100 ಗಂಟೆ ಬಾಳಿದರೆ ಗಂಟೆಗೆ 10 ರೂಪಾಯಿ, 1,600ರ ಹಲ್ಲು 250 ಗಂಟೆ ಬಾಳಿದರೆ 6 ರೂಪಾಯಿ 40 ಪೈಸೆ. ಬದಲಾಯಿಸಲು ಯಂತ್ರ ನಿಂತ ಹೊತ್ತು ಇದರಲ್ಲಿ ಸೇರಿಲ್ಲ. ಊರಿನ ತಮ್ಮನು ಪ್ರತಿಯೊಂದು ಹಲ್ಲು ಹಾಕಿದ ದಿನವನ್ನೂ ಗಂಟೆಮಾಪಕದ ಅಂಕೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಎರಡು ಸಲ ಬದಲಾಯಿಸುವಷ್ಟರಲ್ಲಿ ಯಾವ ಸರಕು ಲಾಭವೆಂಬುದು ಅವನ ಕೈಬರಹದಲ್ಲಿಯೇ ಕಾಣುವುದು.

ಆರ್ಡರು ಬರೆಯುವ ಗುಮಾಸ್ತ ಬಂಧುಗಳು 'ಗಟ್ಟಿ ಪ್ಲೇಟು' ಎಂದಷ್ಟೇ ಬರೆಯದೆ ದರ್ಜೆ, ದಪ್ಪ, ಬ್ರಿನೆಲ್ ಅಂಕೆಗಳನ್ನು ನಮೂದಿಸಬೇಕು; ಮ್ಯಾಂಗನೀಸ್ ಎರಕವಾದರೆ ಭಾರತೀಯ ಮಾನಕ 276 ಎಂದು ಬರೆಯಬೇಕು. ಕಾರ್ಖಾನೆಯ ಪರೀಕ್ಷಾಪತ್ರದಲ್ಲಿರುವ ಹೀಟ್ ನಂಬರೂ ಪ್ಲೇಟಿನ ಮೇಲೆ ಒತ್ತಿದ ನಂಬರೂ ಒಂದೇ ಎಂದು ನೋಡಿದ ಬಳಿಕವೇ ಬಿಲ್ಲಿಗೆ ರುಜು ಹಾಕಬೇಕು. ಬಕೆಟ್ಟಿನ ಅಂಚಿನ ಹಲ್ಲುಗಳು ನಡುವಿನವುಗಳಿಗಿಂತ ಬೇಗ ಸವೆಯುವುದರಿಂದ, ಅರ್ಧ ಸವೆದಾಗಲೇ ಸ್ಥಾನ ಬದಲಿಸಿದರೆ ಎಲ್ಲವೂ ಒಟ್ಟಿಗೆ ಮುಗಿಯುವುವು. ಹಲ್ಲು ತೂತು ಬೀಳುವವರೆಗೆ ಓಡಿಸುವವರಿದ್ದಾರೆ. ಆಗ ಹಲ್ಲನ್ನು ತೊಡಿಸುವ ಮೂಗೂ ಸವೆದು, ಹೊಸ ಹಲ್ಲು ಅಲ್ಲಿ ನಿಲ್ಲದು. ಆ ಮೂಗನ್ನು ಕತ್ತರಿಸಿ ಬೇರೆಯದನ್ನು ಬೆಸೆಯಲು ಯಂತ್ರವನ್ನು ವರ್ಕ್‌ಶಾಪಿಗೇ ಒಯ್ಯಬೇಕಾಗುತ್ತದೆ.