ಏಳಕ್ಕೆ ಒಂದು ಸೇರಿದರೆ: ಬೀಬಾಪ್ ಸ್ವರಶ್ರೇಣಿಯ ಲೆಕ್ಕ

ನಮ್ಮ ಸಂಗೀತ ವಿದ್ವಾಂಸರಂತೆ ಜಾಝ್ ಕಲಾವಿದರೂ ಮನೋಧರ್ಮದಿಂದ ಸ್ಥಳದಲ್ಲೇ ಸ್ವರಗಳನ್ನು ಹೆಣೆಯುತ್ತಾರೆ. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲಿ ಪಾರ್ಕರ್, ಡಿಜಿ ಗಿಲೆಸ್ಪಿ ಮೊದಲಾದವರು ಬೆಳೆಸಿದ ಬೀಬಾಪ್ ಶೈಲಿಯಲ್ಲಿ ಈ ಹೆಣಿಗೆಯ ವೇಗ ಬೆರಗು ಹುಟ್ಟಿಸುತ್ತದೆ. ಪಾರ್ಕರ್ 1945ರಲ್ಲಿ ಧ್ವನಿಮುದ್ರಿಸಿದ ‘ಕೋ-ಕೋ’ ಕೃತಿಯಲ್ಲಿ ತಾಳದ ಪೆಟ್ಟುಗಳು ನಿಮಿಷಕ್ಕೆ ಸುಮಾರು 300. ಪೆಟ್ಟಿಗೆ ಎರಡು ಸ್ವರ ನುಡಿಸಿದರೆ ಒಂದು ಸ್ವರಕ್ಕೆ ದೊರೆಯುವ ಕಾಲ 0.1 ಸೆಕೆಂಡ್ ಮಾತ್ರ! ಇಷ್ಟರಲ್ಲಿ ಪ್ರತಿ ಸ್ವರವನ್ನೂ ಯೋಚಿಸಿ ಆರಿಸುವುದು ಸಾಧ್ಯವೆ? ಇಲ್ಲಿ ನೆರವಿಗೆ ಬರುವುದು ಸರಳ ಅಂಕಗಣಿತ.

ಜಾಝ್‌ನಲ್ಲಿ ಹಿನ್ನೆಲೆಯಾಗಿ ಹಲವು ಸ್ವರಗಳು ಒಟ್ಟಿಗೆ ನುಡಿಯುತ್ತವೆ. ಈ ಸ್ವರಗುಚ್ಛವೇ ಕಾರ್ಡ್. ‘ಡಾಮಿನೆಂಟ್ ಸೆವೆಂತ್’ ಎಂಬ ಕಾರ್ಡ್‌ನಲ್ಲಿ ಸ, ಗ, ಪ ಮತ್ತು ಕೈಶಿಕಿ ನಿಷಾದ (ನಿ2) ಇವೆ. ಇದರೊಡನೆ ಬಳಸುವ ಏಳು ಸ್ವರಗಳ ಶ್ರೇಣಿ ನಮ್ಮ ಹರಿಕಾಂಭೋಜಿ ಮೇಳದ್ದೇ. ಕಾರ್ಡ್‌ನ ಸ್ವರಗಳು ಪೆಟ್ಟಿನ ಮೇಲೆ ಬಿದ್ದರೆ ಹಿನ್ನೆಲೆಗೂ ನುಡಿಸುವ ಸ್ವರಕ್ಕೂ ಹೊಂದಿಕೆ ಸ್ಪಷ್ಟವಾಗಿ ಕೇಳಿಸುತ್ತದೆ.

ತಾರಸ್ಥಾಯಿಯ ಸ-ದಿಂದ ಕೆಳಗಿಳಿಯೋಣ. ನಾಲ್ಕು ಪೆಟ್ಟುಗಳಿಗೆ ಎಂಟು ಸ್ವರಗಳು:

ಸ ನಿ2 | ದ ಪ | ಮ ಗ | ರಿ ಸ

ಪೆಟ್ಟಿನ ಮೇಲೆ ಬಿದ್ದವು ಸ, ದ, ಮ, ರಿ. ಇವುಗಳಲ್ಲಿ ಕಾರ್ಡ್‌ಗೆ ಸೇರಿದ್ದು ಸ ಒಂದೇ. ಹಾಗೆಯೇ ಇಳಿಯುತ್ತ ಹೋದರೆ ಮುಂದಿನ ನಾಲ್ಕು ಪೆಟ್ಟುಗಳಲ್ಲಿ ನಿ2, ಪ, ಗ, ಸ ದೊರೆಯುತ್ತವೆ. ಏಕೆಂದರೆ 7 ಬೆಸಸಂಖ್ಯೆ. ಪ್ರತಿ ಸ್ಥಾಯಿಯಲ್ಲೂ ಸ್ವರಗಳ ಸ್ಥಾನ ಅದಲುಬದಲಾಗುತ್ತದೆ.

ಈಗ ಸ ಮತ್ತು ನಿ2 ನಡುವೆ ಕಾಕಲಿ ನಿಷಾದವನ್ನು (ನಿ3) ಸೇರಿಸಿ:

ಸ ನಿ3 | ನಿ2 ದ | ಪ ಮ | ಗ ರಿ

ಪೆಟ್ಟಿನ ಮೇಲೆ ಸ, ನಿ2, ಪ, ಗ! 8 ಸಮಸಂಖ್ಯೆಯಾದ್ದರಿಂದ ಎಷ್ಟು ಸ್ಥಾಯಿ ಇಳಿದರೂ ಈ ಕ್ರಮ ಕೆಡುವುದಿಲ್ಲ. ಆದರೆ ಕಾರ್ಡ್‌ನ ಸ್ವರವೊಂದರಿಂದ, ಪೆಟ್ಟಿನ ಮೇಲೆಯೇ ಆರಂಭಿಸಬೇಕು.

ಸೇರಿಸಿದ ಸ್ವರ ಕರ್ಕಶವಾಗದೆ? ಮಧ್ಯ ಸ 261.6 ಹರ್ಟ್ಸ್ ಆದರೆ ನಿ2 466.2, ನಿ3 493.9 ಹರ್ಟ್ಸ್. ಎರಡನ್ನೂ ಒಟ್ಟಿಗೆ ಹಿಡಿದರೆ 27.7 ಹರ್ಟ್ಸ್ ವ್ಯತ್ಯಾಸ ಕಿವಿಗೆ ಒರಟಾಗಿ ಕೇಳಿಸುತ್ತದೆ. ಆದರೆ ನಿ3 ಪೆಟ್ಟುಗಳ ನಡುವೆ ಕ್ಷಣಮಾತ್ರ ಬಂದು ಹೋಗುತ್ತದೆ.

ಪಾರ್ಕರ್ ಮತ್ತು ಸಂಗಡಿಗರು ಈ ಲೆಕ್ಕ ಬರೆದುಕೊಂಡು ನುಡಿಸಿದವರಲ್ಲ. ಅವರು ಕಿವಿಯಿಂದ ಕಂಡುಕೊಂಡದ್ದನ್ನು ಮುಂದೆ ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ‘ಬೀಬಾಪ್ ಶ್ರೇಣಿ’ ಎಂಬ ಹೆಸರಿನಲ್ಲಿ ಬೋಧಿಸಿದರು. ವಿದ್ಯಮಾನ ಮೊದಲು, ನಿಯಮ ಆಮೇಲೆ. ಭೌತವಿಜ್ಞಾನದಲ್ಲೂ ಹಲವು ಬಾರಿ ಹೀಗೆಯೇ. ನಿಯಮವು ಸ್ವರದ ಜಾಗವನ್ನು ತಿಳಿಸೀತು. ರಾಗಭಾವವನ್ನು ಕಲಾವಿದನೇ ತುಂಬಬೇಕು.

ತರಗತಿಯಲ್ಲಿ ಮಾಡಿ ನೋಡಿ: ಹಾರ್ಮೋನಿಯಂನಲ್ಲಿ ಚಪ್ಪಾಳೆಗೆ ಎರಡು ಸ್ವರದಂತೆ ಎರಡೂ ಶ್ರೇಣಿಗಳನ್ನು ಇಳಿಸಿ. ಚಪ್ಪಾಳೆಯೊಡನೆ ಬಂದ ಸ್ವರಗಳನ್ನು ವಿದ್ಯಾರ್ಥಿಗಳು ಪಟ್ಟಿ ಮಾಡಲಿ.