ಚೆಲುವಿಗೆ ಯಾವುದು ಅಳತೆಗೋಲು?

1996ರ ನವೆಂಬರ್ 23ರ ರಾತ್ರಿ ಬೆಂಗಳೂರು ದಂಡಿನ ಅಂಚಿನಲ್ಲಿರುವ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗ್ರೀಸ್‌ನ ಐರೀನ್ ಸ್ಕ್ಲಿವಾ ವಿಶ್ವಸುಂದರಿ ಕಿರೀಟ ಧರಿಸಿದರು. ಹೆಣ್ಣನ್ನು ಸರಕಿನಂತೆ ಅಳೆಯಬೇಡಿ ಎಂದು ನಗರದಲ್ಲಿ ಪ್ರತಿಭಟನೆಗಳೂ ನಡೆದಿದ್ದವು. ಸ್ಪರ್ಧೆ ಮುಗಿಯಿತು, ಚೆಲುವಿನ ಅಳತೆಗೋಲು ಯಾವುದೆಂಬ ಪ್ರಶ್ನೆ ಉಳಿಯಿತು.

ಅನೇಕ ಮನೆಗಳಲ್ಲಿ ಆ ಅಳತೆಗೋಲು ಮೈಬಣ್ಣ. 'ಬಿಸಿಲಲ್ಲಿ ಆಡಬೇಡ, ಕಪ್ಪಾಗ್ತೀಯ' ಎಂಬ ಮಾತು ಕೇಳದ ಹುಡುಗಿ ಅಪರೂಪ. ಕಮರ್ಷಿಯಲ್ ಸ್ಟ್ರೀಟಿಗೆ ಹೊರಟವರ ಖರೀದಿ ಪಟ್ಟಿಯಲ್ಲಿ ಬಿಳುಪಿನ ಕ್ರೀಮೂ ಸೇರುತ್ತದೆ. ಹುಡುಗರೂ ಹಿಂದೆ ಬಿದ್ದಿಲ್ಲ. 2020ರಲ್ಲಿ 'ಫೇರ್ ಅಂಡ್ ಲವ್ಲಿ' ತನ್ನ ಹೆಸರಿನಿಂದ 'ಫೇರ್' ಪದವನ್ನು ಕೈಬಿಟ್ಟಿತು. ನಮ್ಮ ಮನಸ್ಸು ಬಿಟ್ಟಿದೆಯೇ?

ಮೈಗೆ ಬಣ್ಣ ಕೊಡುವ ಮೆಲನಿನ್, ಬಿಸಿಲಿನ ನೇರಳಾತೀತ ಕಿರಣಗಳಿಗೆ ಚರ್ಮ ಹಿಡಿದ ಕೊಡೆ. ಅದು ದೋಷವಲ್ಲ. ಸ್ಟೆರಾಯ್ಡ್ ಬೆರೆತ ಕ್ರೀಮನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ. ಪಾದರಸವಿರುವ ಕ್ರೀಮು ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದು. ಕಲೆ, ಮೊಡವೆ ಕಾಡಿದರೆ ಗೆಳತಿಯ ಸಲಹೆಗಿಂತ ಶಿವಾಜಿನಗರದ ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಯ ಚರ್ಮವೈದ್ಯರ ಸಲಹೆ ಲೇಸು.

ಅಲಂಕಾರ ತಪ್ಪಲ್ಲ. ಮುಖ ತೊಳೆದು, ತಲೆ ಬಾಚಿ, ಇಷ್ಟದ ಬಟ್ಟೆ ತೊಟ್ಟಾಗ ಮನಸ್ಸೂ ಅರಳುತ್ತದೆ. ಆದರೆ ಸೊಪ್ಪು, ಹಣ್ಣು, ನಿದ್ದೆ, ಆಟ ಕೊಡುವ ಕಳೆ ಡಬ್ಬಿಯಲ್ಲಿ ಸಿಗದು. ಒಳ್ಳೆಯ ಓದು, ನಂಬುವ ಗೆಳೆತನ, ಬೇಡವೆನ್ನುವ ಧೈರ್ಯ ಮನಸ್ಸಿನ ಆರೈಕೆ.

ಹೆತ್ತವರ ಪಾಲೂ ಇದರಲ್ಲಿದೆ. ಮಕ್ಕಳೆದುರು ಅಕ್ಕ-ತಂಗಿಯರ ಬಣ್ಣ ಹೋಲಿಸುವುದನ್ನು ಇಂದೇ ನಿಲ್ಲಿಸಿ. ಕ್ರೀಮಿನ ಡಬ್ಬಿ ತಾನಾಗಿಯೇ ಮೂಲೆ ಸೇರೀತು.